ನಾಲ್ಕಿಂಚು

ಮೇ ತಿಂಗಳ ನಡುಮಧ್ಯಾಹ್ನ. ಕೌಲ್‌ಬಜಾರಿನ ತಗಡಿನ ಕೆಳಗೆ
ಬಾಬಿನ್ ಕೂಡ ಮುಟ್ಟಿದರೆ ಚುರ್ ಅಂತಿತ್ತು.
ಆಗ ಬಂದರು ಶಶಿರೇಖಾ ಮೇಡಂ,
ಕಾರಿನ ತಂಪು ಇನ್ನೂ ಸೀರೆಗೆ ಅಂಟಿಕೊಂಡೇ ಇತ್ತು,
ಕವರಿನಿಂದ ತೆಗೆದು ಟೇಬಲ್ ಮೇಲಿಟ್ಟರು
ದಿಂಬಿನ ಹಾಗೆ ಉಬ್ಬಿದ ಒಂದು ಪ್ಯಾಂಟು.

"ಮಾಸ್ಟರ್, ಇದು ಹಿಮದಾಗ ಜಾರೋಕೆ."

ಜಾರೋಕೂ ಪ್ಯಾಂಟು ಬೇಕೇನ್ರಿ ಅಂತ ಜಿಲಾನಿ ನಕ್ಕ.
ನಾನು ಅವನ ಕಡೆ ನೋಡಲಿಲ್ಲ.
ಇಪ್ಪತ್ತೇಳು ವರ್ಷ ಜೀನ್ಸ್ ಹೊಲಿದ ಕೈ ಇದು,
ಯಾವ ಬಟ್ಟೆ ಸಿಕ್ಕರೂ ಮೊದಲು ಒಳಮಗ್ಗುಲು ತಿರುಗಿಸುತ್ತೆ.

ಡಿಸೆಂಬರಿಗೆ ರೂಮು ಬೇಕಂದ್ರೆ ಈಗಲೇ ಹಿಡೀಬೇಕಂತೆ.
ಇಟಲಿಯಂತೆ, ಕೊರ್ತೀನಾ ಅಂತ ಊರಂತೆ,
ತಂತಿಗೆ ಜೋತುಬಿದ್ದ ಕುರ್ಚಿಗಳು ಬೆಟ್ಟದ ನೆತ್ತಿಗೆ ಒಯ್ದು ಬಿಡ್ತಾವಂತೆ,
ಇಳಿಯೋದು ನಮ್ಮ ಪಾಡಂತೆ.
ಗಾದಿಲಿಂಗಪ್ಪನವರು ಸ್ಪಾಂಜ್ ಕಬ್ಬಿಣದ ಲೆಕ್ಕ ಬದಿಗಿಟ್ಟು
ರಾತ್ರಿ ಎರಡರ ತನಕ ಬೆಟ್ಟದ ನಕ್ಷೆ ಓದ್ತಾರಂತೆ:
ನೀಲಿ ಗೆರೆ ಕಲಿಯೋರಿಗೆ, ಕೆಂಪು ಬಲ್ಲೋರಿಗೆ,
ಕಪ್ಪು ಗೆರೆ
"ಹೆಂಡ್ತಿ ಮಕ್ಕಳು ಇಲ್ಲದೋರಿಗೆ" ಅಂದರು ಮೇಡಂ.
ಅವರತ್ತೆಯದು ಒಂದೇ ಮಾತು:
ಇಷ್ಟು ದುಡ್ಡು ಸುರಿದು ಚಳಿ ಕೊಂಡ್ಕೋತೀರಾ?

ಸೊಂಟ ಬಿಡಿಸಬೇಕು. ಕಾಲು ನಾಲ್ಕಿಂಚು ಕತ್ತರಿಸಬೇಕು.
ಒಳಗೊಂದು ಜೇಬು, ಗುರೆಳ್ಳು ಪುಡಿಯ ಪ್ಯಾಕೆಟ್ಟು ಹಿಡಿಸುವಷ್ಟು.

ರಾತ್ರಿ ಹೊಲಿಗೆ ಬಿಚ್ಚಿದೆ.
ಒಂದೊಂದು ಸಾಲಿನ ಮೇಲೂ ಕಾಸಿ ಒತ್ತಿದ ತೆಳು ಪಟ್ಟಿ,
ಗಾಯಕ್ಕೆ ಹಚ್ಚಿದ ಹಾಗೆ.
ಯಾಕಿದು ಅಂತ ಬೀಡಿ ಮುಗಿಯುವ ತನಕ ನೋಡಿದೆ.
ಸೂಜಿ ಹೋದ ಕಡೆಯೆಲ್ಲ ನೀರೂ ಹೋಗುತ್ತೆ.
ಯಾರೋ ನನ್ನ ಕಸುಬಿನವನೇ
ತಾನು ಮಾಡಿದ ತೂತುಗಳಿಗೆ ತಾನೇ ಬಾಗಿಲು ಹಾಕಿದ್ದ.
ಪಟ್ಟಿಯಲ್ಲಿ ಬಾಂಗ್ಲಾದೇಶ ಅಂತಿತ್ತು.
ಅವನೂ ಹಿಮ ಕಂಡವನಲ್ಲ.

ಬೆಂಗಳೂರು ರೋಡಿನಲ್ಲಿ ಮೂರು ಅಂಗಡಿ ತಿರುಗಿದೆ, ಇಲ್ಲ.
ಕಡೆಗೆ ಅದಿರು ಲಾರಿಗಳ ತಾಡಪಾಲು ಹೊಲಿಯುವ ಹುಲಿಗೆಪ್ಪ
ಒಂದು ಸುರುಳಿ ಕೊಟ್ಟ, ಅರ್ಧ ಖರ್ಚಾಗಿದ್ದು.

ಗುರುವಾರ ಟ್ರಯಲ್. ಕರೆಂಟು ಹೋಗಿತ್ತು.
ಪರದೆ ಸರಿಸಿ ಬಂದರು, ಮೇಲೆ ಹತ್ತಿಯ ಕುರ್ತಾ,
ಕೆಳಗೆ ಜನವರಿ.
"ಅಲ್ಲಿ ಮೊದಲ ದಿನ ಬೀಳೋದನ್ನೇ ಕಲಿಸ್ತಾರಂತೆ ಮಾಸ್ಟರ್"
ಅಂದವರೇ
ಜೀನ್ಸ್ ತುಂಡುಗಳ ಗುಡ್ಡೆ ಮೇಲೆ ಮಗ್ಗುಲಾಗಿ ಬಿದ್ದರು.
ಎದ್ದು ಮತ್ತೆ ಬಿದ್ದರು.
ಮೂರನೇ ಸಲ ಏಳಲಿಲ್ಲ.
ತಿರುಗದ ಫ್ಯಾನು ನೋಡುತ್ತ, ಕಿವಿಯ ಹಿಂದೆ ಬೆವರು ಇಳಿಯುತ್ತ,
"ಅವರಿಗೆ ಹೇಳ್ಬೇಡಿ. ನಂಗೆ ಮಾಳಿಗೆ ಮೆಟ್ಟಿಲು ಇಳಿಯೋಕೂ ಭಯ."

ಮಂಡಿ ನೋಡಿದೆ, ಕುಂಡಿಯ ಜೋಡು ನೋಡಿದೆ.
"ಹೊಲಿಗೆ ಗಟ್ಟಿ ಐತ್ರೀ" ಅಂದೆ.
ನನಗೆ ಗೊತ್ತಿರೋದು ಅಷ್ಟೇ.

ಇನ್ನೂರ ನಲವತ್ತು ಕೊಟ್ಟು ಹೋದರು.

ಉಳಿದ ನಾಲ್ಕಿಂಚಿನ ಎರಡು ಬಳೆ ಜೋಡಿಸಿ
ಜಿಲಾನಿ ನೀರಿನ ಬಾಟ್ಲಿಗೆ ಅಂಗಿ ತೊಡಿಸಿದ.
ಸಂಜೆ ಕೋಟೆ ಬಂಡೆ ಕೆಂಡದ ಹಾಗೆ ಕೆಂಪಾದಾಗಲೂ
ಒಳಗಿನ ನೀರು ಹಲ್ಲು ಜುಮ್ಮೆನಿಸುತ್ತಿತ್ತು.
"ಇಟಲಿ" ಅಂತ ಒಂದು ಗುಟುಕು ಕುಡಿದು ನನಗೆ ಚಾಚಿದ.

ಇನ್ನೂ ಏಳು ತಿಂಗಳು ಐತೆ.
ನಾನೂ ಒಂದು ಹೇಳಲಿಲ್ಲ ಅವರಿಗೆ:
ಎಡಗಾಲಿನ ಒಳಮಡಿಕೆಗೆ ಬರುವ ಹೊತ್ತಿಗೆ ಪಟ್ಟಿ ಮುಗಿದಿತ್ತು,
ಅಲ್ಲೊಂದು ಗೇಣು
ಬರೀ ಮೇಣದಬತ್ತಿ ಉಜ್ಜಿದ್ದೀನಿ.